ಎಂಟನೆಯ ತಂತಿ

ಆರು ತಂತಿಯ ಗಿಟಾರು ನುಡಿಸುವವನಿಗೆ ಊರಲ್ಲಿ ಅಷ್ಟಿಷ್ಟು ಮರ್ಯಾದೆ ಉಂಟು. ಭಜನೆಗೆ ಕರೆಯುತ್ತಾರೆ, ಮದುವೆ ಮನೆಗೆ ಕರೆದು ಊಟ ಹಾಕುತ್ತಾರೆ. ಎಂಟು ತಂತಿಯದೇ ಬೇಕು ಎಂದು ಹಟ ಹಿಡಿದವನನ್ನು ಮಾತ್ರ ಯಾರೂ ಎಲ್ಲಿಗೂ ಕರೆಯುವುದಿಲ್ಲ. ತೆಂಗಿನಗುಂಡಿಯ ದಿನಕರನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ, ಗೊತ್ತಿದ್ದೇ ಹಟ ಹಿಡಿದಿದ್ದ.

ಹಟಕ್ಕೆ ಕಾರಣ ಕುಮಟೆಯ ಶಿಶಿರ. ಡ್ರಮ್ ಬಾರಿಸುವ ಈ ಶಿಶಿರನ ಬ್ಯಾಂಡಿನ ಹಾಡುಗಳೆಲ್ಲ ಪಾತಾಳದಿಂದ ಎದ್ದು ಬರುವಂಥವು. ಆ ತಗ್ಗಿನ ಸ್ವರಕ್ಕೆ ಎಂಟನೆಯ ದಪ್ಪ ತಂತಿ ಬೇಕೇ ಬೇಕು. ಜುಲೈ ಕೊನೆಯ ಶನಿವಾರ ಕುಮಟೆಯ ಸಭಾಭವನದಲ್ಲಿ ಕಾರ್ಯಕ್ರಮ. ಅಂದು ಎಂಟು ತಂತಿಯಲ್ಲಿ ನುಡಿಸಿ ತೋರಿಸಿದರೆ ಬ್ಯಾಂಡಿನಲ್ಲಿ ಜಾಗ ಖಾಯಂ, ಇಲ್ಲವಾದರೆ ಅಂಕೋಲೆಯವನೊಬ್ಬ ಗಿಟಾರು ಹಿಡಿದು ಕಾದು ಕೂತಿದ್ದಾನೆ ಎಂದು ಶಿಶಿರ ಮುಲಾಜಿಲ್ಲದೆ ಹೇಳಿದ್ದ. ಆಗಸ್ಟಿನಲ್ಲಿ ಮೀನುಗಾರಿಕೆಯ ನಿಷೇಧ ಮುಗಿದು ಬೋಟು ಕಡಲಿಗೆ ಇಳಿದರೆ ದಿನಕರನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಈ ಶನಿವಾರ ತಪ್ಪಿದರೆ ತಪ್ಪಿದ ಹಾಗೆಯೇ.

ಬೋಟಿನಲ್ಲಿ ಅವನೆಂದರೆ ಎಲ್ಲರಿಗೂ ನಗೆ. ಬೆರಳು ಕೆಡುತ್ತದೆಂದು ಕೈಗವಸು ಹಾಕಿ ಬಲೆ ಎಳೆಯುವವನು ಇಡೀ ಬಂದರಿಗೆ ಅವನೊಬ್ಬನೇ. ಬಲೆ ಎಳೆಯುವಾಗ ಒಬ್ಬ ಕೂಗು ಕೊಟ್ಟರೆ ಉಳಿದವರು ‘ಐಲೇಸಾ’ ಎಂದು ಮಾರುತ್ತರ ಕೊಡಬೇಕು. ಕೂಗನ್ನು ಉತ್ತರವಿಲ್ಲದೆ ಬಿಟ್ಟವನಿಗೆ ಸಂಜೆಯವರೆಗೂ ಬೈಗುಳ ತಪ್ಪಿದ್ದಲ್ಲ. ಕೈ ಉಳಿಸಿಕೊಳ್ಳುವ ದಿನಕರನಿಗೆ ಎಲ್ಲರೂ ಸೇರಿ ಕೂಗು ಕೊಡುವ ಕೆಲಸ ಅಂಟಿಸಿದ್ದರು. ಗಂಟಲಿಗೇನೂ ಕೈಗವಸು ಬೇಡವಲ್ಲ ಎಂದು ಚಿಕ್ಕಪ್ಪ ಶಿವನ ಕುಚೋದ್ಯ ಬೇರೆ.

ಹೊನ್ನಾವರದಲ್ಲಿ ಹಾರ್ಮೋನಿಯಂ, ತಬಲ, ತಾಳ ಮಾರುವ ಗುರುದತ್ತ ದಿನಕರನ ಕಾಟ ತಾಳಲಾರದೆ ಎಂಟು ತಂತಿಯ ಅಗ್ಗದ ಎಲೆಕ್ಟ್ರಿಕ್ ಗಿಟಾರು ಎರಡು ತರಿಸಿದ್ದ. ಮನೆಗೊಯ್ದು ನೋಡು, ಒಂದು ಇಟ್ಟುಕೊ, ಒಂದು ತಿರುಗಿ ಕೊಡು ಎಂಬ ಒಪ್ಪಂದ. ಅಂಗಡಿಗೆ ಬಂದಿದ್ದ ಭಜನೆಯವರೊಬ್ಬರು ತಂತಿ ಎಣಿಸಿ, ಇದರಲ್ಲಿ ಎರಡು ಸ್ಪೇರ್ ಇರಬೇಕು ಎಂದು ತೀರ್ಪು ಕೊಟ್ಟು ಹೋದರು.

ದಿನಕರ ಎರಡನ್ನೂ ಬಲೆ ಹೆಣೆಯುವ ಚಪ್ಪರಕ್ಕೆ ತಂದು ಒಂದಾದ ಮೇಲೊಂದು ತೊಡೆಯ ಮೇಲಿಟ್ಟು ಪರೀಕ್ಷಿಸಿದ. ಕಪ್ಪು ಗಿಟಾರಿನ ಕತ್ತು ಉದ್ದ. ಎಂಟನೆಯ ತಂತಿ ಬಿಗಿಯಾಗಿ, ಹೇಳಿದ ಮಾತು ಕೇಳುತ್ತಿತ್ತು. ಆದರೆ ಆ ಕತ್ತು ಹಲಗೆಯಷ್ಟು ಅಗಲ. ಹೆಬ್ಬೆರಳು ಹಿಂದೆ ಎಲ್ಲಿ ಊರಬೇಕೆಂದು ತಿಳಿಯದೆ ತಡಕಾಡುತ್ತಿತ್ತು. ಕತ್ತಿಗೆ ಅಡ್ಡ ಕೂರಿಸಿದ ಲೋಹದ ಫ್ರೆಟ್ಟುಗಳ ತುದಿ ಅಂಗೈಗೆ ಚುಚ್ಚುತ್ತಿತ್ತು. ಕಂದು ಗಿಟಾರು ಹಾಗಲ್ಲ. ಹಿಡಿದ ಕೂಡಲೇ ಹುಟ್ಟಿದಾರಭ್ಯ ಇದೇ ಕೈಯಲ್ಲಿತ್ತೇನೋ ಅನಿಸಬೇಕು, ಅಂಥ ನಯ. ಆದರೆ ಕತ್ತು ಗಿಡ್ಡವಾದ್ದರಿಂದ ಎಂಟನೆಯ ತಂತಿ ಸಡಿಲ. ಒತ್ತಿದರೆ ಸ್ವರ ಎತ್ತಲೋ ಜಾರುತ್ತಿತ್ತು. ಆಂಪ್ಲಿಫೈಯರ್ ಕುಮಟೆಯಲ್ಲಿ ಶಿಶಿರನ ಮನೆಯಲ್ಲಿತ್ತು. ಹಾಗಾಗಿ ಪರೀಕ್ಷೆಯೆಲ್ಲ ವೈರಿಲ್ಲದೆ, ಬರಿಗಿವಿಯಲ್ಲೇ ನಡೆಯಿತು.

ಕಪ್ಪು ತೆಗೆದುಕೊಂಡರೆ ಕೈ ಸಾಯುತ್ತದೆ, ಕಂದು ತೆಗೆದುಕೊಂಡರೆ ಹಾಡು ಸಾಯುತ್ತದೆ. ದಿನಕರನಿಗೆ ಊಟ ಸೇರದಾಯಿತು. ಪಕ್ಕದಲ್ಲಿ ಬಲೆಯ ತೂತು ಹೊಲಿಯುತ್ತಿದ್ದ ಶಿವನಿಗೆ ನೋಡಿ ನೋಡಿ ಸಾಕಾಯಿತು. ಎದ್ದು ಬಂದು ಕಂದು ಗಿಟಾರಿನ ದಪ್ಪ ತಂತಿಯನ್ನು ಬೆರಳಲ್ಲಿ ಎತ್ತಿ ಬಿಟ್ಟ.

“ಇದೆಂತ ಮಾರಾಯ, ಒದ್ದೆ ಹಗ್ಗದ ಹಾಂಗೆ ಉಂಟು. ನಮ್ಮ ತಂಗೂಸು ಹಾಕು. ಎಷ್ಟು ಎಳದ್ರೂ ತಡೀತು.”

ತಂಗೂಸು ಎಂದರೆ ಗಾಳದ ನೈಲಾನ್ ದಾರ. ದೊಡ್ಡ ಮೀನಿಗೆಂದು ಇಟ್ಟಿದ್ದ ದಪ್ಪದ್ದನ್ನು ಶಿವನೇ ತಂದು, ಎಂಟನೆಯ ತಂತಿ ಬಿಚ್ಚಿ ಅದರ ಜಾಗಕ್ಕೆ ಗಾಳಕ್ಕೆ ಹಾಕುವ ಗಂಟು ಹಾಕಿ ಬಿಗಿದುಕೊಟ್ಟ. ದಿನಕರ ಮೀಟಿದ. ಧೊಂ ಎಂದಿತು. ಬೆರಳಡಿ ಬೆಣ್ಣೆ, ಎಳೆತಕ್ಕೆ ಉಕ್ಕು. ಸಂತೋಷದಲ್ಲಿ ಮನುಷ್ಯನ ಬುದ್ಧಿ ಮೊದಲು ರಜೆ ಹಾಕುತ್ತದೆ. ದಿನಕರ ಮರುದಿನವೇ ಹೊನ್ನಾವರಕ್ಕೆ ಹೋಗಿ ಕಪ್ಪು ಗಿಟಾರನ್ನು ಗುರುದತ್ತನಿಗೆ ಒಪ್ಪಿಸಿಬಂದ.

ನಿಷೇಧದ ಕಾಲ, ಯಾರಿಗೂ ಕೆಲಸವಿಲ್ಲ. ಶನಿವಾರ ಬೋಟಿನವರೆಲ್ಲ ಒಂದು ಟೆಂಪೊ ಮಾಡಿ ತಮ್ಮವನ ಹಾಡು ಕೇಳಲು ಹೊರಟರು. ಶಿರಾಲಿಯಲ್ಲಿ ಚಹಾಕ್ಕೆಂದು ನಿಂತದ್ದು ಚಹಾಕ್ಕೆ ಮುಗಿಯಲಿಲ್ಲ. ಕುಮಟೆ ಮುಟ್ಟುವಾಗ ಬ್ಯಾಂಡಿನ ಹೆಸರು ಕರೆಯುತ್ತಿದ್ದರು. ದಿನಕರ ಓಡಿ ವೇದಿಕೆ ಹತ್ತಿ, ವೈರು ಚುಚ್ಚಿ, ಬೆವರೊರೆಸಿಕೊಂಡು ನಿಂತ.

ಮೊದಲ ಹಾಡು ಶುರುವಾಗುವುದೇ ಎಂಟನೆಯ ತಂತಿಯಿಂದ. ಶಿಶಿರ ತಾಳ ಕೊಟ್ಟ. ದಿನಕರ ಬೀಸಿ ಹೊಡೆದ. ಸ್ಪೀಕರಿನಿಂದ ಪಿಟ್ಟೆಂಬ ಸದ್ದಿಲ್ಲ. ವಾಲ್ಯೂಮಿನ ಗುಬುಟು ತಿರುಗಿಸಿ ಇನ್ನೊಮ್ಮೆ ಹೊಡೆದ. ಇಲ್ಲ. ಪಕ್ಕದ ತಂತಿಗೆ ಬೆರಳು ತಾಗಿದ್ದೇ ತಡ, ಸಭಾಭವನದ ಗಾಜು ಅದುರಿತು.

ಆಗ ಹೊಳೆಯಿತು. ಗಿಟಾರಿನ ಹೊಟ್ಟೆಯ ಅಯಸ್ಕಾಂತಕ್ಕೆ ಲೋಹ ಅಲುಗಿದ್ದು ಮಾತ್ರ ಕೇಳಿಸುತ್ತದೆ, ನೈಲಾನ್ ಎಷ್ಟು ಕುಣಿದರೂ ಅದಕ್ಕೆ ಲೆಕ್ಕವಿಲ್ಲ. ಇದು ಅವನಿಗೆ ತಿಳಿಯದ ಸಂಗತಿಯೇನಲ್ಲ, ಮಳೆಗಾಲವಿಡೀ ಮೊಬೈಲಿನಲ್ಲಿ ನೋಡಿದ್ದೇ ಗಿಟಾರಿನ ವಿಡಿಯೊ. ಶಿಶಿರ ಡ್ರಮ್ ಬಾರಿಸುತ್ತಲೇ ತಿಂದುಬಿಡುವಂತೆ ನೋಡುತ್ತಿದ್ದ. ಅಂಕೋಲೆಯವನು ಎದುರಿನ ಸಾಲಿನಲ್ಲೇ ಕೂತು ನಗುತ್ತಿದ್ದ. ಹೋಯಿತು, ಜಾಗ ಹೋಯಿತು ಎಂದು ದಿನಕರನಿಗೆ ಅಳುವೇ ಬರುವಂತಾಯಿತು.

ಬಂದದ್ದು ಅಳುವಲ್ಲ. ಡ್ರಮ್ಮಿನ ಏಟು ಬಲೆ ಎಳೆಯುವ ಏಟಿನಂತೆಯೇ ಬೀಳುತ್ತಿತ್ತು. ತಂತಿ ಮೊಳಗಬೇಕಾದ ಕಡೆ ಅವನ ಗಂಟಲು ತಾನಾಗಿ ತೆರೆದುಕೊಂಡು, ಎದುರಿನ ಮೈಕಿಗೆ, ನಾಭಿಯಿಂದ ಎದ್ದ “ಹೋಓಓ” ಎಂಬ ಕೂಗು ಕೊಟ್ಟುಬಿಟ್ಟಿತು.

ಕೂಗನ್ನು ಉತ್ತರವಿಲ್ಲದೆ ಬಿಡುವುದು ತೆಂಗಿನಗುಂಡಿಯವರಿಗೆ ಗೊತ್ತಿಲ್ಲ. ಹಿಂದಿನ ಸಾಲಿನಿಂದ ಶಿವ ಮೊದಲಾಗಿ ಇಡೀ ಟೆಂಪೊ ಎದ್ದು ನಿಂತು ‘ಐಲೇಸಾ’ ಎಂದಿತು. ದಿನಕರ ಮತ್ತೆ ಕೂಗಿದ, ಅವರು ಮತ್ತೆ ಉತ್ತರಿಸಿದರು. ಇದೂ ಹಾಡಿನೊಳಗಿನದೇ ಎಂದುಕೊಂಡ ಕುಮಟೆಯ ಕಾಲೇಜಿನವರು ಕುರ್ಚಿ ತಳ್ಳಿ ದನಿ ಸೇರಿಸಿದರು. ಉಳಿದ ಏಳು ತಂತಿ ಕಂದು ಗಿಟಾರಿನ ಮೇಲೆ ನೀರಿನಂತೆ ಹರಿದವು. ಎಂಟನೆಯದರ ಸರದಿ ಬಂದಾಗಲೆಲ್ಲ ಗಂಟಲು ನೋಡಿಕೊಂಡಿತು. ಅಂಕೋಲೆಯವನೂ ನಗು ಮರೆತು ಕೂಗುತ್ತಿದ್ದ.

ಪರದೆಯ ಹಿಂದೆ ಶಿಶಿರ ಗಿಟಾರಿನ ಮೇಲೆ ಬಗ್ಗಿ, ತಂಗೂಸನ್ನೂ ಅದರ ಗಂಟನ್ನೂ ಸುಮಾರು ಹೊತ್ತು ನೋಡಿದ. ಆಮೇಲೆ ದಿನಕರನ ಕಡೆ ತಿರುಗಿದ.

“ನಾ ಅಂಕೋಲೆಯವ್ನಿಗೆ ಬೇಡ ಅಂತ ಹೇಳ್ತೆ. ನೀ ಮಾತ್ರ ಈ ತಂತಿ ಬದಲು ಮಾಡ್ಬೇಡ.”

ದಿನಕರ ಗಿಟಾರು ಹೆಗಲಿಗೇರಿಸಿ ಹೊರಗೆ ಓಡಿದ. ಟೆಂಪೊದ ಹತ್ತಿರ ಶಿವ ಕೂಗಿ ಕೂಗಿ ಒಡೆದ ದನಿಯಲ್ಲಿ ಎಲ್ಲರಿಗೂ ತನ್ನ ಗಂಟಿನ ಮಹಿಮೆ ವರ್ಣಿಸುತ್ತಿದ್ದ. ದಿನಕರನನ್ನು ಕಂಡವನೇ ಭುಜ ಹಿಡಿದ.

“ನಾ ಹೇಳಿದ್ನಲ, ತಂಗೂಸು ಹಾಕು ಅಂತ. ಕಾಣು, ಎಂಥಾ ಶಬ್ದ ಬಂತು.”

ನಿಜ ಹೇಳಬೇಕೆಂದು ದಿನಕರ ಬಾಯಿ ತೆರೆದ. ಚಿಕ್ಕಪ್ಪನ ಮುಖದಲ್ಲಿದ್ದ ಹೆಮ್ಮೆ ನೋಡಿ, ಹೌದು ಚಿಕ್ಕಪ್ಪ ಎಂದ. ಶಿವ ಅಂಗಿಯ ಕಿಸೆಯಿಂದ ತಂಗೂಸಿನ ಹೊಸ ಸುರುಳಿಯೊಂದನ್ನು ತೆಗೆದು ತೋರಿಸಿ, ನಾಳೆ ಉಳಿದ ಏಳಕ್ಕೂ ಇದನ್ನೇ ಹಾಕಿಬಿಡುವ ಎಂದ. ಮನೆ ಮುಟ್ಟುವವರೆಗೂ ದಿನಕರ ಗಿಟಾರನ್ನು ಎದೆಗವಚಿಕೊಂಡೇ ಕೂತಿದ್ದ.