ಭಾವನ ಮನೆಯ ಲೇತು

ಕುಮಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಹಾಗಣಪತಿಯ ಬಳಿ ಒಂದು ಟ್ರಂಕು ತುಂಬ ಲೇತಿನ, ಅಂದರೆ ಕಬ್ಬಿಣ ಹಿತ್ತಾಳೆ ಕಡೆಯುವ ಯಂತ್ರದ, ಕ್ಯಾಟಲಾಗುಗಳಿದ್ದವು. ಲೇತು ಮಾತ್ರ ಇರಲಿಲ್ಲ. ಹನ್ನೊಂದು ವರ್ಷ ಮುಂಬಯಿಯ ಅಂಗಡಿಗಳಿಗೆ ಕಾಗದ ಬರೆದು ತರಿಸಿಕೊಂಡವು. ರಜೆಯ ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಹರಡಿಕೊಂಡು, ಇದು ತೀರಾ ಗಿಡ್ಡ, ಇದರ ಕಾಲು ಸಪೂರ, ಇದು ಚಂದ ಆದರೆ ಬಾಳಿಕೆಗಿಲ್ಲ ಎಂದು ಹೆಣ್ಣು ನೋಡಲು ಹೋದವರ ಹಾಗೆ ಒಂದೊಂದನ್ನೇ ಬದಿಗಿಡುತ್ತಿದ್ದ. ಕೊನೆಗೆ ಒಂದೇ ಒಂದು ಉಳಿಯುತ್ತಿತ್ತು. ಪ್ರತಿ ಸಲವೂ ಅದೇ.

ಅರವತ್ತೆರಡನೇ ಇಸವಿಯಲ್ಲಿ ತಂಗಿ ಸುಮತಿಯ ಗಂಡ, ಹೊನ್ನಾವರದ ವಕೀಲ ಶ್ರೀಕೃಷ್ಣ, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ಭಾವ, ಒಂದು ಸಣ್ಣ ಲೇತು ತರ್ಸವು ಹೇಳಿ ಇದ್ದು. ಕೋರ್ಟಿಂದ ಬಂದ ಮೇಲೆ ಹೊತ್ತು ಹೋಗವಲಾ. ನಂಗೆ ಎಂತದೂ ಗೊತ್ತಿಲ್ಲೆ. ಎಂತೆಂತ ಬೇಕು, ನೀನೇ ಬರ್ದು ಕೊಡು."

ಯಾವುದಾದರೂ ಮುರುಕಲನ್ನು ಬರೆದುಕೊಟ್ಟು ಸುಮ್ಮನಿರಬಹುದಿತ್ತು. ಕೈ ಕೇಳಲಿಲ್ಲ. ತನ್ನದೇ ಆ ಲೇತಿನ ಹೆಸರು ಬರೆದ. ಕಾಲಿನಿಂದ ತುಳಿಯುವುದು, ಹದಿನೆಂಟು ಇಂಚಿನ ಸರಳು ಹಿಡಿಯುವುದು. ಅವಸರದ ಕೆಲಸಕ್ಕೆ ಸರಳನ್ನು ಕಚ್ಚಿ ಹಿಡಿಯುವ ಮೂರು ಹಲ್ಲಿನ ಚಕ್ಕು, ಹದವಾಗಿ ಹಿಡಿಯಲು ನಾಲ್ಕು ಹಲ್ಲಿನದು, ತಿರುಪಿನ ಸುತ್ತು ಕೊರೆಯಲು ಬೇಕಾಗುವ ಚಕ್ರಗಳು, ಅಳೆಯಲು ಮೈಕ್ರೋಮೀಟರು. ಬರೆದು ಮುಗಿಸಿದಾಗ ಮಗಳ ಲಗ್ನಪತ್ರಿಕೆ ಬರೆದಷ್ಟು ದಣಿವಾಗಿತ್ತು.

ಹುಬ್ಬಳ್ಳಿ ಲಾರಿಯಲ್ಲಿ ಬಂದ ಪೆಟ್ಟಿಗೆಯನ್ನು ನಾಲ್ಕು ಹಮಾಲರು ಹೊನ್ನಾವರದ ಜಗಲಿಗೆ ಏರಿಸಿದರು. ಹಲಗೆ ಬಿಚ್ಚಿದಾಗ ಮಹಾಗಣಪತಿಗೆ ಗ್ರೀಸಿನ ವಾಸನೆ ಬಡಿಯಿತು. ಕ್ಯಾಟಲಾಗಿನಲ್ಲಿ ಅದೊಂದು ಸಿಕ್ಕಿರಲಿಲ್ಲ. ಹಿಡಿಕೆಗೆ ಕೈ ಚಾಚಿದ.

"ತಡೆ ಭಾವ," ಶ್ರೀಕೃಷ್ಣ ನಡುವೆ ಬಂದ. "ನೀ ಹೇಳ್ತಾ ಹೋಗು, ನಾ ತಿರುಗಿಸ್ತೆ."

ಆರು ಭಾನುವಾರ ಹಾಗೇ ಹೋಯಿತು. ಇವನು ಕುಮಟೆಯಿಂದ ಬಸ್ಸಿನಲ್ಲಿ ಬಂದು, ಪಕ್ಕದ ಬೆಂಚಿನ ಮೇಲೆ ಕೂತು ಹೇಳುವುದು. ಅವನು ಸ್ಟೂಲಿನ ಮೇಲೆ ಕೂತು ತುಳಿಯುವುದು. ಒಂದೇ ಒಂದು ಸುರುಳಿ ಹಿತ್ತಾಳೆಯನ್ನು ತನ್ನ ಕೈಯಿಂದ ತೆಗೆಯಬೇಕೆಂದು ಮಹಾಗಣಪತಿಯ ಬೆರಳು ತುರಿಸುತ್ತಿತ್ತು. ಕೇಳಲು ಬಾಯಿ ಬರಲಿಲ್ಲ. ಅದು ಸಾಲದೆಂದು ಸುಮತಿ ಚಹಾ ತಂದವಳು, "ಅಣ್ಣ, ಇವ್ರ ಕೈಲಿ ಎಂತ ಇದ್ದೋ, ಮುಟ್ಟಿದ್ದೆಲ್ಲ ಚಂದ ಆಗ್ತು" ಎನ್ನುವಳು. ಮಹಾಗಣಪತಿ ಚಹಾ ಅರ್ಧಕ್ಕೇ ಕೆಳಗಿಡುತ್ತಿದ್ದ.

ಆರನೆಯ ಭಾನುವಾರ ಕಕ್ಷಿದಾರನೊಬ್ಬ ಬಂದನೆಂದು ಶ್ರೀಕೃಷ್ಣ ಒಳಗೆ ಹೋದ. ಲೇತಿನ ಬಲತುದಿಯಲ್ಲಿ ಸರಳಿನ ಕೊನೆಯನ್ನು ಒತ್ತಿ ಹಿಡಿದಿರುವ ಭಾಗವೊಂದಿದೆ. ಅದರ ಪಕ್ಕದ ತಿರುಪನ್ನು ತಿರುಗಿಸಿದರೆ ಅದು ನೇರದಿಂದ ಚೂರು ಸರಿಯುತ್ತದೆ. ಆಮೇಲೆ ಕಡೆದ ಸರಳು ಆ ತುದಿಗೆ ಕೂದಲೆಳೆಯಷ್ಟು ಹೆಚ್ಚು ಸಪೂರವಾಗುತ್ತದೆ. ಮಹಾಗಣಪತಿ ಸ್ಪ್ಯಾನರ್ ಎತ್ತಿಕೊಂಡು ಒಂದೂಕಾಲು ಸುತ್ತು ತಿರುಗಿಸಿದ. ಆ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಗದಿದ್ದರೂ ಬೇಸರವಾಗಲಿಲ್ಲ.

ಮುಂದಿನ ವಾರ ಬಂದಾಗ ಜಗಲಿಯಲ್ಲಿ ಜಟ್ಟಿ ಕೂತಿದ್ದ. ಗೇರುಸೊಪ್ಪೆಗೆ ಹೋಗುವ ಲಾಂಚಿನ ಚಾಲಕ.

"ಮಾಸ್ತರ್ರೇ, ಚುಕ್ಕಾಣಿ ಪಿನ್ನು ದಿನಾ ಕಳಚಿ ಬೀಳ್ತಿತ್ತು. ಮಂಗ್ಳೂರಿಂದ ತಂದದ್ದೂ ನಿಲ್ಲಲಿಲ್ಲ. ವಕೀಲ್ರು ಮಾಡಿಕೊಟ್ಟದ್ದು ಒಂದೇ ಏಟಿಗೆ ಬಿಗಿ ಕೂತ್ಕಂತು. ಈಗ ಕೀಳ್ತೇನೆ ಅಂದ್ರೂ ಬರೂದಿಲ್ಲ."

"ಎಂತ ಮಾಡಿದೆ ಹೇಳಿ ನಂಗೇ ಗೊತ್ತಿಲ್ಲೆ," ಶ್ರೀಕೃಷ್ಣ ನಕ್ಕ. "ಕೈಗುಣ."

ಮಹಾಗಣಪತಿಗೆ ಗೊತ್ತಿತ್ತು. ತುದಿ ಸಪೂರವಾದ ಪಿನ್ನು ಬೆಣೆಯ ಹಾಗೆ ಕೂರುತ್ತದೆ. ತನ್ನ ಹೊಟ್ಟೆಕಿಚ್ಚೇ ಭಾವನ ಕೈಗುಣವಾಗಿತ್ತು. ದೀಪಾವಳಿಯ ಹೊತ್ತಿಗೆ ಮಂಕಿಯ ದೋಣಿಯವರೂ ಪಿನ್ನಿಗೆಂದು ಹೊಳೆ ದಾಟಿ ಬರತೊಡಗಿದರು. ಅವರಲ್ಲೊಬ್ಬ ಇವನ ಕಡೆ ನೋಡಿ, "ಇವರು ಯಾರು, ಕಲಿಯೂಕೆ ಬಂದವ್ರಾ?" ಎಂದು ಕೇಳಿದ್ದೂ ಆಯಿತು.

ಆಮೇಲೆ ಶ್ರೀಕೃಷ್ಣನಿಗೆ ಪುಟ್ಟ ಉಗಿಯಂತ್ರ ಮಾಡುವ ಹುಚ್ಚು ಹಿಡಿಯಿತು. ಅದರ ಪಿಸ್ಟನ್ನು ಹೆಬ್ಬೆಟ್ಟಿನಷ್ಟು. ಆದರೆ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ ಇರಬೇಕು. ಮೂರು ಹಾಳಾದವು. ನಾಲ್ಕನೆಯದನ್ನು ಮೈಕ್ರೋಮೀಟರಿನಲ್ಲಿ ಅಳೆದು ಬೆಂಚಿನ ಮೇಲೆ ಕುಕ್ಕಿದ.

"ಈ ಲೇತು ಹುಟ್ಟಿದ್ದೇ ಸೊಟ್ಟ. ವಾಪಸ್ ಕಳಿಸ್ತೆ. ಅಂಗಡಿಗೆ ನೋಟೀಸು ಬರ್ದು ಆತು, ನಾಳೆ ಟಪಾಲಿಗೆ. ಆರಿಸಿದ್ದು ನೀನು ಹೇಳಿ ಅದ್ರಲ್ಲಿ ಬರೆಯಲಿಲ್ಲೆ, ಹೆದರಡ."

ಮಹಾಗಣಪತಿ ಖುಷಿಪಡಲು ನೋಡಿದ. ಒಂದು ಗಳಿಗೆ ಆಗಿಯೂ ಆಯಿತು. ಆಮೇಲೆ ಲೇತಿಲ್ಲದ ಜಗಲಿ ಕಣ್ಣಿಗೆ ಕಟ್ಟಿತು. ಅದು ಹೋದರೆ ಮತ್ತೆ ಚಾಪೆ, ಮತ್ತೆ ಕ್ಯಾಟಲಾಗು. ಹೊಟ್ಟೆಕಿಚ್ಚು ಪಡಲಾದರೂ ಅದು ಇಲ್ಲೇ ಇರಬೇಕಿತ್ತು.

"ಕೊಡು ಇಲ್ಲಿ ಆ ಸ್ಪ್ಯಾನರ್," ಎಂದ.

ತಿರುಪನ್ನು ಹಿಂದಕ್ಕೆ ತಿರುಗಿಸಿದ, ಒಂದೂಕಾಲು ಸುತ್ತು. ಶ್ರೀಕೃಷ್ಣ ಇನ್ನೊಂದು ತುಂಡು ಕಡೆದು ಅಳೆದ. ಎರಡೂ ತುದಿ ಒಂದೇ. ಮತ್ತೆ ಅಳೆದ. ಮೈಕ್ರೋಮೀಟರನ್ನು ನಿಧಾನಕ್ಕೆ ಅದರ ಪೆಟ್ಟಿಗೆಯಲ್ಲಿಟ್ಟು, ಕೋರ್ಟಿನಲ್ಲಿ ಸಾಕ್ಷಿಯನ್ನು ನೋಡುವ ಹಾಗೆ ಭಾವನನ್ನು ನೋಡಿದ.

"ಅಳೆಯಲಿಲ್ಲೆ, ಬಗ್ಗಿ ನೋಡಲಿಲ್ಲೆ. ಎಷ್ಟು ತಿರುಗಿಸವು ಹೇಳಿ ನಿಂಗೆ ಹ್ಯಾಂಗೆ ಗೊತ್ತಾತು?"

ಮಹಾಗಣಪತಿ ಸ್ಪ್ಯಾನರನ್ನು ಚಿಂದಿಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಾನೇ ತಿರುಗಿಸಿದ್ದೆ."

"ಎಂತಕ್ಕೆ?"

"ಇದು ಹನ್ನೊಂದು ವರ್ಷ ನಂದಾಗಿತ್ತು, ಭಾವ. ಒಂದು ದಿನ ಮುಟ್ಟಲೆ ಕೊಟ್ಟಿದ್ಯ ನೀನು?"

ಶ್ರೀಕೃಷ್ಣ ಎದ್ದು, ಸ್ಟೂಲನ್ನು ಕಾಲಿನಿಂದ ಈ ಕಡೆ ತಳ್ಳಿದ. ಮಹಾಗಣಪತಿ ಕೂತ. ತುಳಿಯುವ ಹಲಗೆ ಭಾವನ ಪಾದದಷ್ಟಕ್ಕೆ ಸವೆದು ನುಣುಪಾಗಿತ್ತು. ಆ ಗುರುತನ್ನು ಬಿಟ್ಟು ಪಕ್ಕದಲ್ಲಿ ಪಾದ ಇಟ್ಟ. ತುಳಿದ. ಹಿಡಿಕೆ ತಿರುಗಿಸಿದ. ಹಿತ್ತಾಳೆ ಹೊಳೆಯುತ್ತ ಸುರುಳಿಯಾಗಿ ಎದ್ದು ಮೊಣಕಾಲ ಮೇಲೆ ಬಿತ್ತು.

ಚಹಾ ಹಿಡಿದು ಬಂದ ಸುಮತಿ ಬಾಗಿಲಲ್ಲೇ ನಿಂತಳು.

"ಓ, ಅಣ್ಣ. ಇವ್ರು ನಿಂಗೂ ಕಲಿಸಿಕೊಟ್ರಾ?"

ಮಹಾಗಣಪತಿಯ ಕಾಲು ಒಮ್ಮೆ ತಡೆಯಿತು. ಶ್ರೀಕೃಷ್ಣ ಬೆಂಚಿನ ಮೇಲೆ, ಇವನು ಪ್ರತಿ ಭಾನುವಾರ ಕೂರುವ ಜಾಗದಲ್ಲಿ ಕೂತು, ಕಪ್ಪು ತೆಗೆದುಕೊಂಡ.

"ಹೌದು," ಎಂದ. "ಅಡ್ಡಿಲ್ಲೆ, ನಿಧಾನಕ್ಕೆ ಕಲೀತಾ ಇದ್ದ."

ಮಹಾಗಣಪತಿ ತುಟಿ ಕಚ್ಚಿಕೊಂಡು ತುಳಿಯುತ್ತ ಹೋದ.