ಆರನೇ ಗಾಜಿನ ಬಟ್ಟಲು

"ಕಲೆ ಇರೋ ತುಂಡು ಮೇಡಂ, ಪರೀಕ್ಷೆಗೆ ಬರಲ್ಲ. ಎಸೆದುಬಿಡ್ಲಾ?"

ಲ್ಯಾಬಿನ ಸಹಾಯಕ ಇಕ್ಕಳ ಚಾಚಿದ. ಸಂಶೋಧಕಿ ಅವನ ಕೈ ತಡೆದಳು.

ಆಸ್ಪತ್ರೆಯ ಶೀತಲ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟ ದಾನಿಗಳ ಚರ್ಮ ಬರೀ ನಂಬರು ಹೊತ್ತು ಬರುತ್ತಿತ್ತು. ಈ ತುಂಡಿನ ಮೇಲೆ ಎಲೆಯಾಕಾರದ, ಹಳೆಯ ಸುಟ್ಟ ಕಲೆ. ಐದು ವರ್ಷದವಳಿದ್ದಾಗ ತಾನು ಎಳೆದು ಬೀಳಿಸಿದ ಬಿಸಿನೀರು ಅಮ್ಮನ ತೊಡೆಯ ಮೇಲೆ ಉಳಿಸಿದ್ದೂ ಥೇಟ್ ಇಂಥದೇ.

ಅಮ್ಮ ಹೋಗಿ ಐದು ತಿಂಗಳಾಗಿತ್ತು. ಮೂಳೆಗಿಳಿದ ಕ್ಯಾನ್ಸರು. ನೋವು ಏರಿದಾಗ ಮೈ ಕಾಯುತ್ತಿತ್ತು. ಮಗಳು ಮಾಡುತ್ತಿದ್ದ ಜೆಲ್ ಆ ಕಾವು ತಾಗಿದಾಗಲೇ ಮದ್ದು ಬಿಡುವಂಥದು. ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳು ಬಿಸಿಗೆ ಮುದುಡಿ, ಹಿಡಿದಿಟ್ಟ ಔಷಧಿಯನ್ನು ಚರ್ಮದೊಳಕ್ಕೆ ಹಿಂಡಬೇಕು. ಮನುಷ್ಯರಿಗೆ ಹಚ್ಚಲು ಅನುಮತಿ ಸಿಕ್ಕಿರಲಿಲ್ಲ.

"ಇನ್ನೂ ಆಗ್ಲಿಲ್ವೇನೇ ನಿನ್ನ ಮದ್ದು?" ಎಂದು ದಿನಾ ಕೇಳುತ್ತಿದ್ದ ಅಮ್ಮ, ಕೊನೆಗೆ ಸಂಶೋಧನೆಗೆ ಚರ್ಮ ಕೊಡುವ ಕಾಗದಕ್ಕೆ ಸಹಿ ಹಾಕಿ ನಕ್ಕಿದ್ದಳು. "ಇರೋವಾಗಂತೂ ಹಚ್ಚಲಿಲ್ಲ, ಆಮೇಲಾದ್ರೂ ಹಚ್ಚು. ಉರಿಯುತ್ತೆ ಅಂತ ಗೋಳಾಡೋಕೆ ನಾನಿರಲ್ಲ."

ಅಮ್ಮ ಹೋದರೂ ಆ ಪ್ರಶ್ನೆ ಹೋಗಲಿಲ್ಲ. ಬಸ್ಸಿನಲ್ಲಿ, ಮೆಟ್ಟಿಲ ತಿರುವಿನಲ್ಲಿ, ಕೈ ತೊಳೆಯುವ ನಲ್ಲಿಯ ಸದ್ದಿನೊಳಗೂ ಅದೇ ದನಿ.

"ಯಾರದಿದು?" ಎಂದಳು.

"ನಮಗೆಲ್ಲಿ ಹೇಳ್ತಾರೆ ಮೇಡಂ? ಯಾಕೆ?"

"ನಮ್ಮಮ್ಮಂಗೆ ಹೀಗೇ ಇತ್ತು."

ಸಹಾಯಕ ಇಕ್ಕಳವನ್ನು ಮೆಲ್ಲಗೆ ತಟ್ಟೆಯ ಮೇಲಿಳಿಸಿದ. "ಇಂಥ ಕಲೆ ಎಷ್ಟೋ ಜನಕ್ಕಿರುತ್ತೆ," ಎಂದ. ಅವನ ಮಾತಿನ ಮೇಲೆ ಅವನಿಗೇ ನಂಬಿಕೆ ಇರಲಿಲ್ಲ.

ಐದು ಗಾಜಿನ ಬಟ್ಟಲುಗಳು ಆಗಲೇ ಸಿದ್ಧವಾಗಿದ್ದವು. ಅವಳು ಆರನೆಯದನ್ನು ತೆಗೆದು ನೀರು ತುಂಬಿ, ಅದರ ಬಾಯಿಗೆ ಆ ತುಂಡನ್ನು ಸುಕ್ಕಿಲ್ಲದಂತೆ ಹಾಸಿ ಬಿಗಿದಳು. ಕಲೆಯ ಸುತ್ತ ಬೆರಳು ತಡವರಿಸಿತು. ಮೇಲೆ ಜೆಲ್ ಸವರಿದಳು.

"ಮೂವತ್ತೊಂಬತ್ತು ಡಿಗ್ರಿಗೆ ಇಡಿ."

"ರಿಜಿಸ್ಟರಲ್ಲಿ ಏನಂತ ಬರೀಲಿ ಮೇಡಂ?"

"ಬರೀಬೇಡಿ."

ನೀರು ಕಾದಂತೆ ತಿಳಿಯಾಗಿದ್ದ ಜೆಲ್ ಹಾಲಿನಂತೆ ಬೆಳ್ಳಗಾಯಿತು. ಒಂದು ಗಂಟೆಯ ನಂತರ ಬಟ್ಟಲಿನ ತಳದ ನೀರನ್ನು ಸಿರಿಂಜಿನಲ್ಲಿ ಎಳೆದು, ಮದ್ದಿನ ಅಳತೆ ಹೇಳುವ ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ಗೆರೆ ನಿಧಾನವಾಗಿ ತಲೆಯೆತ್ತಿತು.

"ಮದ್ದು ಒಳಗಿಳೀತಾ ಮೇಡಂ?"

"ಇಳೀತು." ಅವಳು ಗೆರೆಯ ತುದಿಯನ್ನು ಬೆರಳಿನಿಂದ ಮುಟ್ಟಿದಳು.

ಅವನು ಹೀಟರಿನ ಸ್ವಿಚ್ಚಿನತ್ತ ಕೈ ಚಾಚಿದ. "ಆಫ್ ಮಾಡ್ಲಾ?"

"ಇನ್ನೊಂಚೂರು ಇರ್ಲಿ."

ಅವನು ಸದ್ದಿಲ್ಲದೆ ಸ್ಟೂಲೊಂದನ್ನು ಮೇಜಿನ ಬಳಿಗೆ ಸರಿಸಿ ಹೊರಗೆ ಹೋದ. ಅವಳು ಕೈಗವಸು ಕಳಚಿ ಕುಳಿತು, ಬಟ್ಟಲನ್ನು ಎರಡೂ ಅಂಗೈಗಳಲ್ಲಿ ಹಿಡಿದಳು. ಗಾಜು ಜ್ವರದ ಹಣೆಯಂತೆ ಬೆಚ್ಚಗಿತ್ತು.