ಹೆಸರಿಡದವರ ಮೂಲೆ

ಐರ್ಲೆಂಡಿನ ಡೆರಿನಾಕಿಲ್ ಎಂಬ ಊರಿಗೂ ಡೊಂಬಿವಲಿಯ ವಿನೋದಾಳಿಗೂ ಇದ್ದದ್ದು ಹೊಟ್ಟೆಪಾಡಿನ ಸಂಬಂಧ. ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಅವಳ ಆಫೀಸಿನಲ್ಲಿ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದರು. ಡೆರಿನಾಕಿಲ್ ಹೆಸರಿಗೆ ಟೌನ್‌ಲ್ಯಾಂಡ್, ಅಂದರೆ ಅಲ್ಲಿಯ ಲೆಕ್ಕದಲ್ಲಿ ಒಂದು ಗ್ರಾಮ. ನೋಡಿದರೆ ನಾಲ್ಕು ಮನೆ, ಕಲ್ಲಿನ ಬೇಲಿ, ಉಳಿದದ್ದೆಲ್ಲ ದನಗಳದ್ದು. ಊರಿನ ಚರಿತ್ರೆ ಉಳಿಸುವ ಹಠ ಹಿಡಿದ ನೋರಾ ಎಂಬ ಮುದುಕಿ ಹೊಲ ಹೊಲ ತಿರುಗಿ ಫೋನಿನಲ್ಲಿ ವಿವರ ಹೇಳುವುದು, ಇವಳು ನಕ್ಷೆಯಲ್ಲಿ ಚುಕ್ಕಿ ಇಡುವುದು. ಆ ಮುದುಕಿಯ ಇಂಗ್ಲಿಷ್ ತಲೆಗೆ ಹತ್ತುವಷ್ಟರಲ್ಲಿ ವಿನೋದಾಳಿಗೆ ಸಾಕುಸಾಕಾಗಿತ್ತು.

ಒಂದು ಮುಳ್ಳುಮರದ ಮೂಲೆಗೆ ಬಂದಾಗ ನೋರಾಳ ದನಿ ತಗ್ಗಿತು. ಚರ್ಚಿನಲ್ಲಿ ನೀರು ಹಾಕಿ ಹೆಸರಿಡುವ ಮೊದಲೇ ತೀರಿಕೊಂಡ ಶಿಶುಗಳಿಗೆ ಹಿಂದೆ ಸ್ಮಶಾನದಲ್ಲಿ ಜಾಗ ಇರಲಿಲ್ಲವಂತೆ. ಅಪ್ಪಂದಿರು ಮುಸ್ಸಂಜೆಯಲ್ಲಿ ತಂದು ಇಲ್ಲಿ ಹುಗಿದು, ಕೈಗೆ ಸಿಕ್ಕಿದ ಒಂದು ಕಲ್ಲಿಟ್ಟು ಹೋಗುತ್ತಿದ್ದರಂತೆ. ತಾಯಂದಿರಿಗೆ ಜಾಗ ತೋರಿಸುತ್ತಿರಲಿಲ್ಲ. ಅಲ್ಲಿಯ ಹುಲ್ಲಿಗೆ ಇವತ್ತಿಗೂ ದನ ಬಾಯಿ ಹಾಕುವುದಿಲ್ಲ ಎಂದಳು.

ವಿನೋದಾ ಚುಕ್ಕಿ ಇಡುವುದನ್ನು ನಿಲ್ಲಿಸಿದಳು. ಅವಳ ಕೂಸೂ ಹೆಸರಿಡುವ ದಿನದವರೆಗೆ ಉಳಿದಿರಲಿಲ್ಲ. ಗಂಡ ರಂಜನ್ ಅದನ್ನು ಬಟ್ಟೆಯಲ್ಲಿ ಸುತ್ತಿ ಕಲ್ಯಾಣದ ಖಾಡಿಯ ಉಪ್ಪುನೀರಿನ ದಂಡೆಯ ಕಡೆಗೆ ಒಯ್ದದ್ದಷ್ಟೇ ಗೊತ್ತು. ಎಲ್ಲಿ ಎಂದು ಕೇಳಬಾರದು, ಹೆಸರು ಹಿಡಿದು ಕರೆಯಬಾರದು, ಕರೆದರೆ ಹಿಂದೆಯೇ ಬರುತ್ತದೆ ಎಂದು ಉಡುಪಿ ಕಡೆಯ ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಈ ಕಟ್ಟಳೆ ಮಾಡಿದ ಪುಣ್ಯಾತ್ಮರಿಗೆ ಹಾಲು ಕಟ್ಟಿದ ಎದೆಯ ನೋವು ಗೊತ್ತಿರಲಿಕ್ಕಿಲ್ಲ. ನನ್ನ ಮಗು ಎಲ್ಲಿದೆ ಎಂಬುದೊಂದೇ ಅವಳಿಗೆ ತಿಳಿಯಬೇಕಿತ್ತು.

ಅವತ್ತು ಅವಳು ಮಾಡಬಾರದ ಕೆಲಸ ಮಾಡಿದಳು. ನೋರಾ ಹೇಳಿದ ಕಲ್ಲುಗಳನ್ನೆಲ್ಲ ಗುರುತಿಸಿ, ಮರದ ಬುಡಕ್ಕೆ ತನ್ನದೊಂದು ಚುಕ್ಕಿ ಸೇರಿಸಿದಳು. ಎಲ್ಲೂ ಇಲ್ಲದ ಕೂಸು ಈ ನಕ್ಷೆಯಲ್ಲಾದರೂ ಇರಲಿ ಎಂದುಕೊಂಡಳು.

ಭಾನುವಾರ ಮಧ್ಯಾಹ್ನ ಗಂಡ, ಅತ್ತೆ, ಅವಳು ಮೂವರೂ ಊಟಕ್ಕೆ ಕೂತಿದ್ದಾಗ ನೋರಾ ಕಳಿಸಿದ ಫೋಟೋ ಬಂತು. ನಕ್ಷೆ ಹಿಡಿದು ಹೋಗಿ ನೋಡಿದೆ, ಮರದ ಬುಡದ ಈ ಕಲ್ಲು ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಳು. ಸುತ್ತಲಿನ ಕಲ್ಲುಗಳಿಗೆಲ್ಲ ಪಾಚಿ ಹಿಡಿದಿತ್ತು. ಇದೊಂದಕ್ಕೆ ಇರಲಿಲ್ಲ. ಅದರ ಒಂದು ಬದಿಗೆ ಹಳದಿ, ಕಪ್ಪು ಬಣ್ಣ ಬಳಿದಿತ್ತು.

ಫೋಟೋ ನೋಡಿದ ರಂಜನನ ಕೈಯ ತುತ್ತು ಬಟ್ಟಲಿಗೆ ಬಿತ್ತು.

“ಇದು ರಸ್ತೆ ಬದಿಯ ಕಲ್ಲಿನ ತುಂಡು. ಅವತ್ತು ಕೂಸನ್ನು ಹುಗಿದ ಮೇಲೆ ನಾನೇ ಇಟ್ಟದ್ದು,” ಎಂದ. “ಆಮೇಲೆ ಅಲ್ಲಿ ಬ್ರಿಡ್ಜಿನ ಕೆಲಸ ಸುರುವಾಯ್ತು. ಹುಡುಕಿಕೊಂಡು ಹೋಗಿದ್ದೆ ವಿನೋದಾ. ಜಾಗವೂ ಇರ್ಲಿಲ್ಲ, ಕಲ್ಲೂ ಇರ್ಲಿಲ್ಲ.”

ವಿನೋದಾಳಿಗೆ ಹೆದರಿಕೆಗಿಂತ ಮೊದಲು ಅಳು ಬಂತು. ಇವನೂ ಹುಡುಕಿದ್ದನಲ್ಲ, ಒಂದು ಮಾತು ಹೇಳಲಿಲ್ಲವಲ್ಲ.

ನೋರಾ ಮತ್ತೆ ಬರೆದಿದ್ದಳು. ಸಂಜೆ ಆ ಕಲ್ಲಿನ ಹತ್ತಿರ ಮೇಣದಬತ್ತಿ ಹಚ್ಚುತ್ತೇನೆ, ಯಾರ ಮಗುವೋ, ಹೆಸರು ಗೊತ್ತಿದ್ದರೆ ಹೇಳು.

ವಿನೋದಾ ಅತ್ತೆಯ ಮುಖ ನೋಡಿದಳು. ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದು, ಯಾರೆದುರೂ ಆಡದೆ ಇಟ್ಟುಕೊಂಡಿದ್ದ ಹೆಸರನ್ನು ಹೇಳಿದಳು.

“ಸೃಜನ್.”

ಹೊರಗೆ ಮೆಟ್ಟಿಲಿನ ಕಡೆಯಿಂದ ಏನೋ ಸಣ್ಣ ಸದ್ದಾಯಿತು. ಆಮೇಲೆ ಬಾಗಿಲಿನ ಹತ್ತಿರ, ಕೆಳಗೆ, ನೆಲದ ಮಟ್ಟದಲ್ಲಿ ಕೇಳಿಸಿತು.

ಅತ್ತೆ ಎದ್ದರು. ಬಯ್ಯುತ್ತಾರೆಂದು ರಂಜನ್ ತಲೆ ತಗ್ಗಿಸಿದ. ಅವರು ಎಂಜಲು ಕೈಯಲ್ಲೇ ಹೋಗಿ ಚಿಲಕ ತೆಗೆದು, ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಕೂತರು.